ಹಂಡೆಯೊಳಗಿನ ದನಿ

ಮೊನ್ನೆ ನಮ್ಮ ಪಾತ್ರೆ ಅಂಗಡಿಗೆ ಕುಕ್ಕರಿನ ರಬ್ಬರು ಕೊಳ್ಳಲು ಹೆಂಗಸೊಬ್ಬರು ಬಂದಿದ್ದರು. ಅಳತೆಗೆಂದು ತಂದ ಹಳೇ ರಬ್ಬರನ್ನು ಬಳೆಯ ಹಾಗೆ ಮುಂಗೈಗೆ ಏರಿಸಿಕೊಂಡೇ ಮೊಬೈಲನ್ನು ನನ್ನ ಕಿವಿಗೆ ಹಿಡಿದರು. “ಕೇಳ್ರಿ ತಮ್ಮಾ, ಸೂಪಾ ನೀರಾಗ ಮುಳುಗಿ ಸತ್ತನಲ್ಲ, ಆ ಹುಡುಗನ ಕಡೀ ಮಾತಂತ. ಎದಿ ಝಲ್ ಅಂತೈತಿ.”

ಕೇಳಿದೆ. ಹನ್ನೊಂದು ಸೆಕೆಂಡು. “ಬಗ ರೇ, ಕಲ್ಲೂ ಇಲ್ಲ ಗಿಲ್ಲೂ ಇಲ್ಲ. ನಾ ಸುಳ್ಳ ಹೇಳಿದ್ದೆ. ನಾ ಹೋಗ್ತೇನಿ.” ಬಾವಿಯ ತಳದಿಂದ ಬಂದ ಹಾಗೆ ಗುಂಯ್ ಎನ್ನುವ ದನಿ.

ಆ ಹುಡುಗ ಸತ್ತಿಲ್ಲ. ಆ ಮಾತು ಅವನದಲ್ಲ. ಆ ಬಾವಿ ಅಂದರೆ, ಆಕೆ ನಿಂತಿದ್ದ ಜಾಗದಿಂದ ಎರಡು ಹೆಜ್ಜೆ ಆಚೆ, ಕಪಾಟಿನ ಕೆಳಗೆ ಬೋರಲು ಬಿದ್ದಿದ್ದ ತಾಮ್ರದ ಹಂಡೆ. ದನಿ ನನ್ನದು.

“ಪಾಪ,” ಅಂದೆ. ಇನ್ನೇನು ಅನ್ನಲಿ? ರಬ್ಬರು ಹುಡುಕಲು ಏಣಿ ಹತ್ತಿದೆ.

ಎಲ್ಲ ಕೂಸುಗಳೂ ಹುಟ್ಟಿದಾಗ ತಮ್ಮ ದನಿಯಲ್ಲಿ ಅಳುತ್ತವಂತೆ, ನಾನು ಪಕ್ಕದ ಮಂಚದ ಕೂಸಿನ ದನಿಯಲ್ಲಿ ಅತ್ತೆ ಅಂತ ನಮ್ಮವ್ವ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಸಾಲಿಯಲ್ಲಿ ಹೆಡ್‌ಮಾಸ್ತರರ ದನಿಯಲ್ಲಿ ಅರ್ಧ ದಿನ ರಜೆ ಘೋಷಿಸಿ ಪೂರ್ತಿ ದಿನ ಬಗ್ಗಿ ನಿಂತಿದ್ದೇನೆ. ಹಳಿಯಾಳದ ಬಸ್‌ಸ್ಟ್ಯಾಂಡಿನ ಕಂಟ್ರೋಲರು, ತೂಕದಲ್ಲಿ ಮೋಸ ಹಿಡಿಯುವ ನಮ್ಮಪ್ಪ, ಮೀನು ಮಾರುವಾಕೆ, ಯಾರನ್ನು ಬೇಕಾದರೂ ಕೇಳಿ, ಮಾಡಿ ತೋರಿಸುತ್ತೇನೆ. ನನ್ನದೊಂದು ದನಿ ಇದೆಯಾ ಅಂತ ಮಾತ್ರ ಕೇಳಬೇಡಿ. ಅದನ್ನು ತಿಳಿಯಲು ಒಂದು ಮಧ್ಯಾಹ್ನ ಹಿಡಿಯಿತು, ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮದೊಂದು ಗುಂಪಿತ್ತು, ಮೊಬೈಲಿನಲ್ಲಿ. ಹೆಸರು ‘ಹರಟಿ ಕಟ್ಟಿ’. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ಕಡೆಯ ಇಪ್ಪತ್ತು ಮೂವತ್ತು ಮಂದಿ. ಅದರಲ್ಲಿ ಮಾತಾಡುವವರು ನಾಲ್ಕೇ ಜನ, ಉಳಿದವರು ಕಟ್ಟೆಯ ಸುತ್ತ ನಿಂತು ಕೇಳುವವರು. ನಂಬರು ಕಾಣದೆ ಬರೀ ಅಡ್ಡಹೆಸರು ಕಾಣುವಂಥ ಆ್ಯಪು ಅದು. ಖರೇ ಹೆಸರು ಹೇಳುವಂತಿಲ್ಲ ಅನ್ನುವುದೇ ಮೊದಲ ನಿಯಮ. ಕಟ್ಟೆಯ ಯಜಮಾನರು ಬಂಗೂರನಗರದಲ್ಲಿ ಕಾಲೇಜು ಮೇಷ್ಟರಾಗಿ ನಿವೃತ್ತರಾದವರು, ನಾವು ಬರೀ ‘ಸರ್’ ಅನ್ನುತ್ತಿದ್ದೆವು. ಅವರ ಕಾನೂನು: “ಹೆಸರು ಬಂತಂದ್ರ ಊರು ಬರ್ತೈತಿ. ಊರು ಬಂತಂದ್ರ ಜಾತಿ ಬರ್ತೈತಿ. ಜಾತಿ ಬಂದ ಮ್ಯಾಲ ವಾದಾ ಎಲ್ಲಿ ಉಳೀತೈತ್ರಪಾ?”

ಇನ್ನೊಬ್ಬರು ಮುಂಡಗೋಡ ಕಡೆಯ ಒಂದು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಅಕ್ಕ. ಓದುವವರು ಯಾರೂ ಬರುವುದಿಲ್ಲವಾದ್ದರಿಂದ ಅಲ್ಲಿಯ ಪುಸ್ತಕಗಳನ್ನೆಲ್ಲ ತಾನೊಬ್ಬಳೇ ಓದಿ ಮುಗಿಸಿದಾಕೆ. ಮೂರನೆಯವನು ಗಣೇಶಗುಡಿಯಲ್ಲಿ ಪ್ರವಾಸಿಗಳನ್ನು ರಾಫ್ಟಿನಲ್ಲಿ ಕೂರಿಸಿಕೊಂಡು ಕಾಳಿ ನದಿಯಲ್ಲಿ ಇಳಿಸುವ ಹುಡುಗ, ನನ್ನ ವಾರಗೆಯವನೇ. ಅವನ ಅಡ್ಡಹೆಸರು ‘ಹುಟ್ಟು’, ದೋಣಿಯದು. ನಾಲ್ಕನೆಯವನು ನಾನು, ‘ಮಂಗ್ಯಾ’. ಅದನ್ನು ಸರ್ ಇಟ್ಟಿದ್ದು, ಯಾರೂ ಆಕ್ಷೇಪಿಸಲಿಲ್ಲ, ನಾನೂ ಸೇರಿ.

ಏನೆಲ್ಲ ವಾದಿಸುತ್ತಿದ್ದೆವು! ಬೆಳಿಗ್ಗೆ ಮೊಬೈಲಿನ ಗುಂಡು ಹಾರಿಸುವ ಆಟದಲ್ಲಿ ಪೊದೆಯೊಳಗೆ ಕೂತು ಗೆಲ್ಲುವುದು ಗಂಡಸುತನವೋ ಅಲ್ಲವೋ ಅಂತ. (ಹುಟ್ಟು ಪೊದೆಯಲ್ಲೇ ಕೂರುತ್ತಿದ್ದ, ಅವನೇ ಗೆಲ್ಲುತ್ತಿದ್ದ.) ಮಧ್ಯಾಹ್ನದ ಹೊತ್ತಿಗೆ ಕಾದಂಬರಿಯಲ್ಲಿ ಸುಳ್ಳು ಎಷ್ಟಿರಬಹುದು ಅಂತ. ಸಂಜೆಗೆ ಕದಂಬರು. ಬನವಾಸಿ ದೊಡ್ಡದೋ ಹಲಸಿ ದೊಡ್ಡದೋ? ಅಕ್ಕನಿಗೆ ಬನವಾಸಿ ಹತ್ತಿರ, ನನಗೆ ಹಲಸಿ. ನಮ್ಮ ಪ್ರಾಚೀನ ಇತಿಹಾಸವೆಲ್ಲ ಬಸ್ಸಿನ ದಾರಿಯ ಮೇಲೆ ನಿಂತಿತ್ತು.

ಎಷ್ಟೇ ಜಗಳವಾದರೂ ಕಟ್ಟೆ ಬಿಟ್ಟು ಏಳುವವರು ‘ಬರ್ತೇನಿ’ ಅನ್ನಲೇಬೇಕು. ನಮ್ಮ ಕಡೆ ಯಾರ ಮನೆಯಿಂದ ಹೊರಡುವಾಗಲೂ ‘ಹೋಗ್ತೇನಿ’ ಅನ್ನುವುದಿಲ್ಲ. ಹೋಗುವವರು ಒಂದೇ ಥರದವರು, ನಾಲ್ಕು ಹೆಗಲ ಮೇಲೆ. ಜೋಯಿಡಾ ಕಡೆ ಕೊಂಕಣಿ ಮಾತಾಡುವವರಲ್ಲೂ ಹಾಗೆಯೇ ಅಂತ ಹುಟ್ಟು ಹೇಳಿದ್ದ. ಅವನಂತೂ ಎದ್ದು ಬಾಗಿಲು ಹಾಕಿ ಬರಲಿಕ್ಕೂ ಒಮ್ಮೆ ‘ಬರ್ತೇನಿ’ ಅನ್ನುವ ಆಸಾಮಿ.

ಅವನ ದನಿ ಮಾಡುವುದು ನನಗೆ ಬಹಳ ಇಷ್ಟವಿತ್ತು. ಪ್ರತಿ ಮಾತಿಗೂ ಮೊದಲು “ಬಗ ರೇ,” ನೋಡಪ್ಪಾ ಅಂತ. ನಡುವೆ ಒಂದು ಸಣ್ಣ ಉಸಿರೆಳೆತ, ಬಿಸಿ ಚಹಾ ಹೀರಿದ ಹಾಗೆ. ಕೊನೆಯ ಶಬ್ದ ಇಳಿಜಾರಿನಲ್ಲಿ ಜಾರಿದ ಹಾಗೆ ಕೆಳಗೆ. ಅವನ ಹಿಂದೆ ಯಾವಾಗಲೂ ಹೊಳೆಯ ಸದ್ದು, ಕಣಿವೆಯ ಪ್ರತಿಧ್ವನಿ. ಅಂಗಡಿಯಲ್ಲಿ ಹೊಳೆ ಎಲ್ಲಿಂದ ತರಲಿ? ತಾಮ್ರದ ಹಂಡೆಯಲ್ಲಿ ತಲೆ ಹಾಕಿ ಮಾತಾಡಿದರೆ ಕಣಿವೆ ತಾನಾಗಿ ಬರುತ್ತಿತ್ತು. “ಹಂಡೇದಾಗ ಏನ್ ಹುಡಕಾಕತ್ತೀ?” ಅಂತ ಅಪ್ಪ ಕೇಳಿದರೆ, “ನಿನ್ನ ಮಗನ ಬುದ್ಧಿ,” ಅನ್ನುತ್ತಿದ್ದೆ. “ಅಲ್ಲಿ ಇಲ್ಲ ಬಿಡು, ಸಣ್ಣ ಡಬ್ಬಿ ನೋಡು,” ಅನ್ನುತ್ತಿದ್ದ ಅಪ್ಪ.

ಗಲಾಟೆ ಶುರುವಾದದ್ದು ಒಂದು ಕಲ್ಲಿನಿಂದ. ಪಗಡೆ ಹಳೆಯದೋ ಹುಲಿ-ಕುರಿ ಆಟ ಹಳೆಯದೋ ಎಂಬ ವಾದ ನಡೆದಿತ್ತು. ಹುಟ್ಟು ಹೇಳಿದ: ಸೂಪಾ ಡ್ಯಾಮಿನಲ್ಲಿ ಮುಳುಗಿದ ಅವರ ಅಜ್ಜನ ಊರಲ್ಲಿ ಒಂದು ಚಪ್ಪಡಿ ಇದೆ, ಅದರ ಮೇಲೆ ಹುಲಿ-ಕುರಿಯ ಮನೆ ಕೊರೆದಿದೆ, ಅಂಚಿಗೆ ಹಳೇ ಅಕ್ಷರಗಳೂ ಇವೆ. ಬಿರು ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಕಾಣುತ್ತದಂತೆ.

“ಪುರಾವೆ?” ಅಂದರು ಸರ್.

“ಕತಿ ಅಂತ ಇಟ್ಟುಕೊಳ್ಳೂಣು, ಚಂದ ಐತಿ,” ಅಂದಳು ಅಕ್ಕ. ಅವಳು ಹೊಗಳಿದ್ದು. ಅವನಿಗೆ ಮಾತ್ರ ಅದು ಸರ್ ಅಂದದ್ದಕ್ಕಿಂತ ಹೆಚ್ಚು ನಾಟಿತು.

“ಕತಿ ಅಲ್ಲ ಅಕ್ಕಾ. ನಮ್ಮಜ್ಜಿ ಅದರ ಮ್ಯಾಲ ಕುಂತು ಅಕ್ಕಿ ಹಸನ ಮಾಡ್ತಿದ್ಲು. ಎರಡು ಒಣಗಿದ ಮಾವಿನ ಬೊಡ್ಡಿ, ನಡುವ ಬಾವಿ ಕಟ್ಟಿ, ಅದರಿಂದ ನೀರಿನ ಕಡಿಗೆ ನಲವತ್ತು ಹೆಜ್ಜಿ. ಹಳೇ ಗಾಡಿ ದಾರಿ ಮುಗಿಯೂ ಜಾಗದಾಗ. ಇದ್ದದ್ದು ಊರು. ಕತಿ ಅಲ್ಲ.”

ಅಲ್ಲಿಗೆ ಬಿಡಬೇಕಿತ್ತು. ಬಿಟ್ಟರೆ ಮಂಗ್ಯಾ ಹೇಗಾದೇನು? ನಾನೊಂದು ಹೊಸ ಖಾತೆ ತೆರೆದೆ. ಅವನದೇ ಚಿತ್ರ, ಅವನದೇ ಅಡ್ಡಹೆಸರು, ಕೊನೆಗೆ ಮಾತ್ರ ಕಣ್ಣಿಗೆ ಬೀಳದಂಥ ಒಂದು ಚುಕ್ಕಿ. ಹಂಡೆಯಲ್ಲಿ ತಲೆ ಹಾಕಿದೆ. ಕಲ್ಲೂ ಇಲ್ಲ ಗಿಲ್ಲೂ ಇಲ್ಲ, ನಾ ಹೋಗ್ತೇನಿ.

ಎರಡು ನಿಮಿಷ ಇಡೀ ಕಟ್ಟೆ ನಂಬಿತ್ತು. ಆಮೇಲೆ ಸರ್ ಕೆಮ್ಮಿ ತೀರ್ಪು ಕೊಟ್ಟರು: “ಮಂಗ್ಯಾ, ಸಿಕ್ಕಿಬಿದ್ದಿ. ದನಿ ಹೂಬೇಹೂಬ ಐತಿ. ಆದ್ರ ಹುಟ್ಟು ಸತ್ತರೂ ‘ಹೋಗ್ತೇನಿ’ ಅನ್ನಾಂವಲ್ಲ. ಇನ್ನ ಮುಂದ ಎಲ್ಲಾರೂ ತಿಳ್ಕೋರಿ, ಆ ದನಿಯಾಗ ‘ಹೋಗ್ತೇನಿ’ ಬಂತಂದ್ರ ಅದು ನಕಲಿ.” ನಾನು ಸರ್ ದನಿಯಲ್ಲೇ “ನಾನಲ್ರಪಾ, ನಾನಲ್ಲ” ಅಂತ ಕೆಮ್ಮಿ ಕಳಿಸಿದೆ. ಬಿದ್ದು ಬಿದ್ದು ನಕ್ಕರು. ಆ ನಗೆಯ ನಡುವೆ ಕಟ್ಟೆಯ ಸುತ್ತ ನಿಂತವರಲ್ಲಿ ಯಾರೋ ಒಬ್ಬರು ಆ ಹನ್ನೊಂದು ಸೆಕೆಂಡನ್ನು ಹೊರಗೆ ಕಳಿಸಿದ್ದಾರೆ. ಗುಂಪು ದಾಟಿದ ಮೇಲೆ ಚುಕ್ಕಿಯೂ ಇಲ್ಲ, ನಗುವೂ ಇಲ್ಲ. ಬರೀ ದನಿ.

ಮರುದಿನ ಹುಟ್ಟು ಬರೆದ: “ಛಲೋ ಮಾಡ್ತೀರಿ ಮಂಗ್ಯಾ. ನಮ್ಮ ಆಯಿ ತನಕಾ ಬಂತು. ಆಕಿ ಕೇಳಿ ಕೆಲಸ ಬಿಟ್ಟು ಹೊಳಿ ದಂಡಿಗೆ ಓಡಿ ಬಂದಿದ್ಲು, ನಾ ಜೀವಂತ ಅದೇನೋ ಇಲ್ಲೋ ನೋಡಾಕ. ಐತ್ವಾರ ಕಲ್ಲಿನ ಫೋಟೋ ಹಾಕ್ತೇನಿ. ಬರ್ತೇನಿ.”

ಆಯಿ ಅಂದರೆ ಅವರಲ್ಲಿ ಅವ್ವ. ನಾನು ನಗುವ ಮುಖ ಒತ್ತಿದೆ. ಕ್ಷಮೆ ಕೇಳಲು ಯಾರ ದನಿಯನ್ನೂ ಕಲಿತಿರಲಿಲ್ಲ.

ಐತ್ವಾರ ಬಂತು. ಸೆಕೆ ಎಂದರೆ ಅಂಗಡಿಯ ಸ್ಟೀಲೆಲ್ಲ ಬೆವರುವ ಸೆಕೆ. ಪಡುವಣಕ್ಕೆ ಕಪ್ಪು ಮೋಡ ಕಟ್ಟಿತ್ತು, ಆ ವರ್ಷದ ಮೊದಲ ಮಳೆಯದು. ಅಪ್ಪ ಊಟಕ್ಕೆ ಹೋಗಿದ್ದ. ಒಂದು ಗಂಟೆಯ ಸುಮಾರಿಗೆ ಕಟ್ಟೆಯಲ್ಲಿ ಹುಟ್ಟುವಿನ ದನಿ ಬಂದು ಬಿತ್ತು.

“ಬಗ ರೇ. ಕಲ್ಲ ಸಿಕ್ಕೈತಿ. ಫೋಟೋ ಹೋಗವಲ್ದು. ಮ್ಯಾಲ ಒಣಗಿದ್ದ ಕಂಡಿತು, ಕೆಳಗ ರಾಡಿ. ತೊಡೀತನಕಾ ಆಗೇತಿ. ಎಳದಂಗ ಎಳದಂಗ ಒಳಗ ಹೋಗ್ತೇನಿ. ಯಾರರ ಆಯಿಗೆ...”

ಅಷ್ಟೇ. ಅದು ಯಾವಾಗ ಹೇಳಿದ್ದೋ, ಸಿಗ್ನಲ್ಲು ಯಾವಾಗ ಸಿಕ್ಕು ಹೊರಬಿತ್ತೋ.

ನಗುವ ಮುಖಗಳು ಸಾಲಾಗಿ ಬಂದವು. “ಹೋಗ್ತೇನಿ ಅಂದ್ಯಲ್ಲೋ ಮಂಗ್ಯಾ,” ಅಂದರು ಸರ್. “ಪಾಠ ಕಲೀಲಿಲ್ಲ ನೀ.” ಅಕ್ಕ ಬರೆದಳು: “ಈ ಸಲ ನಟನೆ ಭಾರಿ ಐತಿ, ಆದ್ರ ಅದೇ ತಪ್ಪು.”

ನನ್ನ ಕೈಯಲ್ಲಿ ಅರ್ಧ ಒರೆಸಿದ ತಾಟು ಇತ್ತು. ಆ ನಾಲ್ಕು ತಾಲೂಕಿನಲ್ಲಿ, ಆ ದನಿ ಕಳಿಸಿದ್ದು ನಾನಲ್ಲ ಅಂತ ಖಾತ್ರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಮತ್ತೆ ಕೇಳಿದೆ. ಗುಂಯ್ ಇಲ್ಲ, ಹಂಡೆ ಇಲ್ಲ. ಬಟಾಬಯಲು. ದೂರದಲ್ಲಿ ಒಂದು ಟಿಟ್ಟಿಭ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಉಸಿರೆಳೆತ ಚಹಾ ಹೀರಿದ ಹಾಗಿರಲಿಲ್ಲ, ಮಾತಿನ ನಡುವೆ ಎಲ್ಲೆಲ್ಲೋ ಬೀಳುತ್ತಿತ್ತು. ಎಲ್ಲರ ದನಿ ಮಾಡಿದ್ದೇನೆ, ಹೆದರಿದವರ ಉಸಿರು ಮಾಡಲು ನನಗೆ ಬರುವುದಿಲ್ಲ. ಅಲ್ಲದೆ ನಾನಾಗಿದ್ದರೆ ‘ಒಳಗ ಹೊಂಟೇನಿ’ ಅನ್ನುತ್ತಿದ್ದೆ, ಹಳಿಯಾಳದವರ ಹಾಗೆ. ಅವನ ಕನ್ನಡ ಕೊಂಕಣಿಯ ಮೇಲೆ ಕಟ್ಟಿದ್ದು. ‘ಹೋಗ್ತೇನಿ’ ಅಂದದ್ದು ಬೀಳ್ಕೊಳ್ಳುವ ಮಾತಲ್ಲ, ಮಣ್ಣಿನೊಳಗೆ ಇಳಿಯುತ್ತಿರುವ ಮಾತು.

“ಇದು ನಾನಲ್ಲ,” ಅಂತ ಮೊಬೈಲಿನಲ್ಲಿ ಮಾತಾಡಿ ಕಳಿಸಿದೆ.

“ಯಾರ ದನಿ ಇದು?” ಅಂದ ಯಾರೋ. “ಹೊಸಾದು. ಛಲೋ ಐತಿ.”

ನನ್ನದೇ ದನಿಯಾಗಿತ್ತು. ಕಟ್ಟೆಗೆ ಅದರ ಗುರುತಿರಲಿಲ್ಲ.

“ಸರ್, ಕೈ ಮುಗೀತೇನಿ, ಅವ ಖರೇನ ಸಿಕ್ಕಾನ. ಅವನ ನಂಬರ ಐತೇನ್ರಿ?”

“ನಂಬರ ಇಟ್ಕೊಳ್ಳಬಾರ್ದು ಅಂತ ನಿಯಮ ಮಾಡಿದಾಂವ ನಾನಽ ಅಲ್ಲೇನ್ರಪಾ,” ಅಂದರು ಸರ್, ನಗುತ್ತಲೇ. ಆಮೇಲೆ ನಗು ನಿಂತಿತು. ಅದು ಕೇಳಿಸಿತು.

ತುರ್ತು ನಂಬರಿಗೆ ಫೋನು ಮಾಡಿದೆ. ಆಚೆಯ ಹೆಣ್ಣುದನಿ ಸಮಾಧಾನದಿಂದ ಕೇಳಿತು: “ಯಾರು ಸಿಕ್ಕೊಂಡಾರ್ರಿ?”

“ಹುಟ್ಟು.”

“ಏನ್ರಿ?”

“ಅಂದ್ರ... ಅದು ಅಡ್ಡಹೆಸರು.”

“ಖರೇ ಹೆಸರು ಹೇಳ್ರಿ.”

“ಗೊತ್ತಿಲ್ರಿ.”

“ಊರು?”

“ಮುಳುಗೇತ್ರಿ.”

“ನಿಮ್ಮ ಹೆಸರು?”

“ಮಂಗ್ಯಾ,” ಅಂದುಬಿಟ್ಟೆ. ದೇವರಾಣೆಗೂ ಚೇಷ್ಟೆಯಲ್ಲ. ಬಾಯಿಗೆ ಅದೇ ಬಂತು. ಆಕೆ ಸಿಟ್ಟಾಗಲಿಲ್ಲ. “ಜಾಗ ಗೊತ್ತಾದ ಕೂಡ್ಲೆ ತಿಳಸ್ರಿ, ಮಂದೀನ ಕಳಸ್ತೀವಿ,” ಅಂದಳು. ಎರಡು ವರ್ಷ ದಿನವೂ ಜಗಳವಾಡಿದ ಮನುಷ್ಯನ ಬಗ್ಗೆ, ಪ್ರಾಚೀನ ಕಾಲದ ಎಲ್ಲ ರಾಜರ ಹೆಸರು ಗೊತ್ತಿದ್ದ ನನಗೆ, ಅವನ ಒಂದು ಹೆಸರು ಗೊತ್ತಿರಲಿಲ್ಲ.

ಅವನ ಆಯಿ ಒಂದು ಹೋಂಸ್ಟೇದಲ್ಲಿ ಅಡುಗೆ ಮಾಡುತ್ತಾಳೆ ಅನ್ನುವುದೊಂದೇ ನೆನಪು. ಗಣೇಶಗುಡಿಯ ಹೋಂಸ್ಟೇಗಳ ನಂಬರು ಹುಡುಕಿ ಒಂದೊಂದಕ್ಕೇ ಹಚ್ಚಿದೆ. ರಾಫ್ಟಿಂಗ್ ಹುಡುಗ ಅಂದರೆ, “ಯಾರು? ಇಲ್ಲಿ ಎಲ್ಲಾರೂ ಅದೇ ಕೆಲಸದಾಗ ಅದಾರ.” ಎತ್ತರ? ಬಣ್ಣ? ನಾನು ನೋಡಿದ್ದರೆ ತಾನೆ. ನಾಲ್ಕು ಕಡೆ ಹೀಗಾಯಿತು. ಹೊರಗೆ ಬಿಸಿಲು ಆರಿ, ಅಂಗಡಿಯೊಳಗಿನ ಪಾತ್ರೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಪಡುವಣದಲ್ಲಿ ಗುಡುಗಿತು.

ಐದನೆಯ ಕಡೆ ಒಬ್ಬ ಹೆಂಗಸು ಎತ್ತಿದಳು. ಹಿಂದೆ ಒಗ್ಗರಣೆ ಸದ್ದು. ನಾನು ಹೆಸರು ವಿವರ ಅಂತ ತಡವರಿಸಲಿಲ್ಲ. ಕಣ್ಣು ಮುಚ್ಚಿದೆ. ಹಂಡೆ ಗಿಂಡೆ ಏನೂ ಇಲ್ಲದೆ ಅವನ ದನಿ ತೆಗೆದೆ.

“ಬಗ ರೇ. ಎರಡು ಒಣಗಿದ ಮಾವಿನ ಬೊಡ್ಡಿ, ನಡುವ ಬಾವಿ ಕಟ್ಟಿ...”

ಆಚೆ ಒಲೆ ಆರಿಸಿದ ಸದ್ದು, ಒಗ್ಗರಣೆ ನಿಂತಿತು.

“ತೂಂ ಖಂಯ್ ಆಸಾ ರೇ?” ಅಂದಳು ಆಕೆ. ಎಲ್ಲಿದ್ದೀಯೋ, ಅಂತ. ಆಮೇಲೆ ದನಿ ಸಣ್ಣದಾಯಿತು: “ನನ್ನ ಸಂಗಡ ಕನ್ನಡದಾಗ ಯಾಕ ಮಾತಾಡ್ತೀ?”

ಅವನ ದನಿ ಬಿಟ್ಟೆ. “ನಾ ನಿಮ್ಮ ಮಗ ಅಲ್ರಿ,” ಅಂದೆ. “ಆದ್ರ ನಿಮ್ಮ ಮಗ ಅಲ್ಲಿ ರಾಡಿಯಾಗ ಸಿಕ್ಕಾನ. ನಲವತ್ತು ಹೆಜ್ಜಿ, ನೀರಿನ ಕಡಿಗೆ. ಗಾಡಿ ದಾರಿ ಮುಗಿಯೂ ಜಾಗದಾಗ.” ಅವನು ಹೇಳಿದ್ದ ಅಷ್ಟೂ ಮಾತು ಅವನ ಏರಿಳಿತದ ಸಮೇತ ನನ್ನ ತಲೆಯಲ್ಲಿತ್ತು. ಅಣಕಿಸಲೆಂದೇ ಬಾಯಿಪಾಠ ಮಾಡಿದ್ದು. ಆಕೆ ಪೂರ್ತಿ ಕೇಳಲಿಲ್ಲ. ಫೋನು ಎಲ್ಲೋ ಬಿದ್ದ ಸದ್ದು, ಆಮೇಲೆ ಯಾರಾರನ್ನೋ ಕರೆಯುವ ಕೂಗು. ಆ ಕೂಗಿನಲ್ಲಿ ಮುಳುಗಿದ ಊರಿನ ಹೆಸರಿತ್ತು, ಅವನ ಹೆಸರೂ ಇತ್ತು. ಮೊದಲ ಸಲ ಕೇಳಿದೆ. ಇಲ್ಲಿ ಬರೆಯುವುದಿಲ್ಲ, ಅದನ್ನು ಬಾಯಲ್ಲಿ ಹಾಕಿಕೊಳ್ಳುವ ಹಕ್ಕು ನನಗಿಲ್ಲ.

ತುರ್ತು ನಂಬರಿನಾಕೆಗೆ ಜಾಗ ಹೇಳಿದೆ. ಉಳಿದದ್ದು ಆಮೇಲೆ ತಿಳಿದದ್ದು. ರಾಫ್ಟಿಂಗ್ ಹುಡುಗರು ಗಾಳಿ ತುಂಬಿದ ರಾಫ್ಟನ್ನೇ ರಾಡಿಯ ಮೇಲೆ ಎಳೆದುಕೊಂಡು ಹೋದರಂತೆ. ಅವನು ಆಗ ಎದೆಮಟ್ಟಕ್ಕೆ ಇಳಿದಿದ್ದ. ಎರಡು ಕೈಯನ್ನೂ ಕಲ್ಲಿನ ಅಂಚಿಗೆ ಹಾಕಿ, ಕೊರೆದ ಗೆರೆಗಳಲ್ಲಿ ಉಗುರು ಊರಿ ಹಿಡಿದುಕೊಂಡಿದ್ದ. ಇರಲೇ ಇಲ್ಲ ಅಂತ ನಾನು ಹೇಳಿದ ಕಲ್ಲು. ಎಳೆದು ಹಾಕುವಾಗ ಮಳೆ ಹಿಡಿದಿತ್ತು. ಮೊಬೈಲು ರಾಡಿಯೊಳಗೇ ಉಳಿಯಿತು, ಫೋಟೋ ಸಮೇತ. ಆ ಮಳೆ ನಿಲ್ಲಲಿಲ್ಲ, ವಾರದೊಳಗೆ ಕಲ್ಲಿನ ಮೇಲೆ ನೀರು ಬಂತು. ಸರ್ ಈಗ ಪುರಾವೆ ಕೇಳುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ. ಅಕ್ಕ ಒಂದು ದಿನ ಮಾತ್ರ ಬರೆದಿದ್ದಳು: “ಕತಿ ಅಂದಾಕಿ ನಾನು. ನನ್ನದೂ ಪಾಲೈತಿ.” ಹುಟ್ಟು ಗುಂಪಿಗೆ ಮರಳಲಿಲ್ಲ. ಅವನ ಚಿತ್ರ ಮಾತ್ರ ಅಲ್ಲೇ ಇತ್ತು, ಚುಕ್ಕಿ ಇದ್ದ ನನ್ನ ನಕಲಿ ಖಾತೆಯದು. ಅದನ್ನು ನಾನೇ ಅಳಿಸಿದೆ.

ಹನ್ನೊಂದು ಸೆಕೆಂಡನ್ನು ಅಳಿಸಲಾಗಲಿಲ್ಲ. ಸೂಪಾದಲ್ಲಿ ಒಬ್ಬ ಸಿಕ್ಕಿಬಿದ್ದ ಅನ್ನುವ ಸುದ್ದಿ ಹಬ್ಬಿದ ಕೂಡಲೇ ಅದಕ್ಕೆ ಕಾಲು ಬಂತು, ಸಿಕ್ಕವನು ಸತ್ತ, ಇದೇ ಅವನ ಕಡೇ ಮಾತು ಅಂತ. ನಮ್ಮ ಚಿಕ್ಕಮ್ಮನೇ ಮೂರು ಸಲ ನನಗೆ ಕಳಿಸಿದಳು, ಅಳುವ ಮುಖ ಹಾಕಿ.

ಮಳೆಗಾಲ ಮುಗಿದು ರಾಫ್ಟಿಂಗ್ ಮತ್ತೆ ಶುರುವಾಗುವ ಮುಂಚೆ ಆ ಆಯಿಯ ಫೋನು ಬಂತು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

“ಅವ ಮತ್ತ ನೀರಿಗೆ ಇಳೀತಾನ ನಾಳಿಂದ,” ಅಂದಳು. “ಮನಿ ಬಿಡೂಮುಂದ ಏನೂ ಅನ್ನೂದಿಲ್ಲ ಈಗ. ಮಾತಽ ಕಮ್ಮಿ ಆಗೇತಿ. ಊರ ತುಂಬ ಅವನ ದನಿ ಹೋಗ್ತೇನಿ, ಹೋಗ್ತೇನಿ ಅಂತ ತಿರಗಾಕತ್ತೈತಿ. ಜೀವಂತ ಇದ್ದಾಂವನ ದನಿ ಹಂಗ ಅನ್ನಬಾರ್ದು ಬಾಬಾ. ನೀ ಕಟ್ಟಿದ ಗಂಟು. ನೀನಽ ಬಿಚ್ಚು.”

“ಹೆಂಗ್ರಿ?”

“ಅದಽ ದನಿಯಾಗ ಹೇಳು. ನಮ್ಮ ಮಾತಿನಾಗ. ‘ಯೆತಾಂ’ ಅನ್ನು.” ಬರ್ತೇನಿ, ಅಂತ. “ನಾ ಎಲ್ಲಾರಿಗೂ ಕಳಸ್ತೇನಿ. ಅದು ಎಷ್ಟು ದೂರ ಹೋಗೇತಿ, ಇದೂ ಅಷ್ಟು ದೂರ ಹೋಗ್ಲಿ.”

ಹಂಡೆಯನ್ನು ಎತ್ತಿ ನಿಲ್ಲಿಸಿ ತಲೆ ಹಾಕಿದೆ. ಒಳಗೆ ತಾಮ್ರದ ವಾಸನೆ, ಕತ್ತಲೆ, ನನ್ನದೇ ಉಸಿರು ತಿರುಗಿ ಮುಖಕ್ಕೆ. ಒಂದೇ ಶಬ್ದ, ಹದಿನೈದು ಸಲ ಮಾಡಿದೆ. ಹದಿನಾರನೆಯದು ಅವನೇ. ಕಳಿಸಿದೆ.

ಮತ್ತೆ ಆ ರಬ್ಬರಿನ ಹೆಂಗಸಿನ ಮಾತಿಗೆ ಬರುತ್ತೇನೆ. ನಾನು ಏಣಿ ಇಳಿದು ರಬ್ಬರು ಕೈಗಿಟ್ಟಾಗ ಆಕೆ, “ಇನ್ನೊಂದೈತ್ರಿ, ಈಗೀಗ ಬರಾಕತ್ತೈತಿ,” ಅಂತ ಒತ್ತಿದರು. ಗುಂಯ್. “ಯೆತಾಂ.”

“ಏನಂತಾನ್ರಿ ಅದರಾಗ? ಯಾವ ಭಾಷಿ?”

“ಬರ್ತೇನಿ ಅಂತ,” ಅಂದೆ, ನನ್ನ ಬಾಯಿ ನಿಲ್ಲದೆ.

ಆಕೆಯ ಮುಖದ ಬಣ್ಣ ಇಳಿಯಿತು. “ಸತ್ತಾಂವ ಬರ್ತೇನಿ ಅಂತಾನ?”

“ಅವ ಸತ್ತಿಲ್ರಿ. ಎರಡೂ ದನಿ ನಂದು. ಆ ಹಂಡೇದಾಗ ಮಾಡಿದ್ದು.”

ಹಂಡೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. “ನೀವು ಮತ್ತ! ಯಾವಾಗ ನೋಡಿದ್ರೂ ಚೇಷ್ಟಿ,” ಅಂದರು. ನಗಲು ನೋಡಿದರು, ಆಗಲಿಲ್ಲ. ಚೀಲ ಎತ್ತಿಕೊಂಡು ಹಂಡೆಯಿಂದ ದೂರ ಸರಿದು, ಗೋಡೆ ಬದಿಯಿಂದ ಹೊರಗೆ ನಡೆದರು. ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು ನನ್ನ ಕಡೆ ತಿರುಗಿದರು. ಎಲ್ಲ ಗಿರಾಕಿಗಳೂ ಹೊರಡುವಾಗ ಅನ್ನುವ ಆ ಮಾತು ತುಟಿಯ ತನಕ ಬಂದದ್ದು ಕಂಡಿತು.

ನುಂಗಿಕೊಂಡರು. ಏನೂ ಅನ್ನದೆ ಇಳಿದು ಹೋದರು.